ಅಂಗೈಯ ಕೆಳಗೊಂದು ಅಂಗೈ

ಕಳೆದ ವಾರ ಮೂಡಿಗೆರೆಯ ಪೇಟೆಯಲ್ಲಿ, ಮನೆಯ ನಲ್ಲಿಗೆ ವಾಷರ್ ಕೊಳ್ಳಲೆಂದು ತೋಟದ ಸಾಮಾನಿನ ಅಂಗಡಿಯೊಂದಕ್ಕೆ ಹೋಗಿದ್ದೆ. ಅಂಗಡಿಯವರು ಮೇಲಿನಿಂದ ರಟ್ಟಿನ ಪೆಟ್ಟಿಗೆಯೊಂದನ್ನು ಇಳಿಸಿ, ಅದರಲ್ಲಿದ್ದದ್ದನ್ನೆಲ್ಲ ಒಂದೊಂದಾಗಿ ಮೇಜಿನ ಮೇಲಿಡುತ್ತ ಹುಡುಕತೊಡಗಿದರು. ಕತ್ತರಿ, ತಂತಿಯ ಸುರುಳಿ, ತುಕ್ಕು ಹಿಡಿದ ಬೀಗ. ಇವುಗಳ ನಡುವೆ ಮಳೆ ಅಳೆಯುವ ಗಾಜಿನ ಕೊಳವೆ. ಮೈಮೇಲೆ ಸೆಂಟುಗಳ ಗೆರೆ ಕೊರೆದಿದ್ದ ಗೇಣುದ್ದದ ಕೊಳವೆ. ಅದನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ, ತಳವನ್ನು ನೋಡಿದೆ. ಹಾಗೆ ನೋಡುವುದನ್ನು ನನಗೆ ಕಲಿಸಿದವರು ಭಾವ...

"ನಿಮಗೆ ತೋಟ ಎಲ್ಲಿದೆ ಮೇಷ್ಟ್ರೇ, ಮಳೆ ಅಳೆಯೋಕೆ?" ಎಂದು ಅಂಗಡಿಯವರು ನಕ್ಕರು. ನಾನೂ ನಕ್ಕು, ಕೊಳವೆಯನ್ನು ಅಲ್ಲಿಯೇ ಇರಿಸಿ, ವಾಷರ್ ತೆಗೆದುಕೊಂಡು ಹೊರಬಂದೆ. ಮನೆ ಮುಟ್ಟುವವರೆಗೂ ಭಾವ ನೆನಪಾಗಿ ನನ್ನ ಜೊತೆಗೇ ನಡೆದು ಬಂದರು.

ಭಾವ ಎಂದರೆ ನನ್ನ ದೊಡ್ಡಮ್ಮನ ಮಗಳ ಗಂಡ. ಜಾವಳಿಯ ಕಡೆಯ ಕಾಫಿ ಎಸ್ಟೇಟೊಂದರಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ರೈಟರ್ ಆಗಿದ್ದವರು. ಆಳುಗಳ ಹಾಜರಿ, ಅಂದಂದಿನ ಕೆಲಸದ ವಿವರ ಬರೆಯುವುದರ ಜೊತೆಗೆ, ದಿನವೂ ಬೆಳಗ್ಗೆ ಎಂಟಕ್ಕೆ ಸರಿಯಾಗಿ ಮಳೆಮಾಪಕವನ್ನು ತೆರೆದು, ಬಿದ್ದ ಮಳೆಯನ್ನು ಇಂಚು ಸೆಂಟುಗಳಲ್ಲಿ ದಾಖಲಿಸುವುದೂ ಅವರ ಕೆಲಸವೇ ಆಗಿತ್ತು. ನೂರು ಸೆಂಟಿಗೆ ಒಂದು ಇಂಚು. ನಮ್ಮ ಬೆಟ್ಟಗಳಲ್ಲಿ ಒಂದು ಮಳೆ ಬಂದು ಹೋದರೆ, ಜನ ಪರಸ್ಪರ ಕ್ಷೇಮ ವಿಚಾರಿಸುವ ಮುನ್ನ "ನಿಮ್ಮಲ್ಲಿ ಎಷ್ಟಾಯ್ತು?" ಎಂದು ಕೇಳುತ್ತಾರೆ. ಉತ್ತರಿಸುವವರು ಉತ್ಸಾಹಕ್ಕೆ ಐದು ಹತ್ತು ಸೆಂಟು ಸೇರಿಸುವುದೂ ಉಂಟು. ಭಾವ ಹೇಳಿದ ಅಂಕೆಯನ್ನು ಮಾತ್ರ ಯಾರೂ ಅನುಮಾನಿಸುತ್ತಿರಲಿಲ್ಲ. ಕಾಫಿಯ ಮೊಗ್ಗು ಅರಳಿಸುವ ಹೂಮಳೆ ತಡವಾದ ಒಂದು ವರ್ಷ, ತೋಟದ ಯಜಮಾನರೇ ಬೇಸತ್ತು, "ರೈಟ್ರೇ, ಒಂದು ಐವತ್ತು ಸೆಂಟು ಬರೆದೇ ಬಿಡಿ ಅತ್ಲಾಗೆ. ಅದನ್ನ ನೋಡಿ ನಾಚಿಕೆ ಆಗಿಯಾದ್ರೂ ಬರಲಿ ಮಳೆ" ಎಂದಿದ್ದರಂತೆ. ಭಾವ ಅವರ ಎದುರಿಗೇ 'ನಿಲ್' ಎಂದು, ಎಂದರೆ ಮಳೆ ಸೊನ್ನೆಯೆಂದು, ಬರೆದು ಪುಸ್ತಕ ಮುಚ್ಚಿದರಂತೆ.

ಇಂಥ ಭಾವನಿಗೆ ದೇವರಲ್ಲಿ ನಂಬಿಕೆ ಇರಲಿಲ್ಲ. ಅದಕ್ಕೆ ಯಾವ ದುಃಖವೂ ಕಾರಣವಲ್ಲ, ಯಾರ ಮೇಲಿನ ಸಿಟ್ಟೂ ಅಲ್ಲ. ನಮ್ಮದು ವೀರಶೈವರ ಮನೆತನ. ಬಾಲ್ಯದಲ್ಲಿಯೇ ದೀಕ್ಷೆ ಪಡೆದು, ಇಷ್ಟಲಿಂಗವನ್ನು ಬೆಳ್ಳಿಯ ಕರಡಿಗೆಯಲ್ಲಿರಿಸಿ ಕೊರಳಲ್ಲಿ ಧರಿಸುವುದು, ದಿನವೂ ಅದನ್ನು ಎಡ ಅಂಗೈಯ ಮೇಲಿರಿಸಿ ಪೂಜಿಸಿದ ಬಳಿಕವೇ ಆಹಾರ ಮುಟ್ಟುವುದು ನಮ್ಮಲ್ಲಿ ನಡೆದುಬಂದ ಆಚಾರ. ಭಾವ ಯೌವನದಲ್ಲೊಂದು ದಿನ ಕರಡಿಗೆಯನ್ನು ಕೊರಳಿಂದ ತೆಗೆದು, ಒಗೆದ ವಸ್ತ್ರದಲ್ಲಿ ಸುತ್ತಿ, ದೇವರ ಗೂಡಿನಲ್ಲಿ ಗೌರವದಿಂದಲೇ ಇರಿಸಿಬಿಟ್ಟಿದ್ದರು. ಕೇಳಿದರೆ, "ಒಳಗೆ ಇಲ್ಲದ್ದನ್ನ ಹೊರಗೆ ಹೆಂಗೆ ಹಾಕ್ಕೊಳ್ಳಲಿ ಮಾರಾಯ?" ಎನ್ನುತ್ತಿದ್ದರು. ನಾನು ಆಗ ಶಾಲೆಯಲ್ಲಿ ಸಂಸ್ಕೃತದ ಅಧ್ಯಾಪಕ. ಗುರುಗಳ ಪಾದದ ಬಳಿ ಕುಳಿತು ತರ್ಕ, ವ್ಯಾಕರಣಗಳನ್ನು ಕಲಿತವನೆಂಬ ಹೆಮ್ಮೆ ಬೇರೆ. ಅವರ ಮಾತು ನನಗೆ ಹಠವೆಂದೇ ತೋರುತ್ತಿತ್ತು. ಅಕ್ಕ ಮಾತ್ರ ಈ ವಿಷಯಕ್ಕಾಗಿ ಒಂದು ದಿನವೂ ಗಂಡನೊಡನೆ ಜಗಳವಾಡಿದವಳಲ್ಲ. ಬೆಳಗಿನ ಪೂಜೆಗೆ ಒಬ್ಬಳೇ ಕುಳಿತು, ಒಬ್ಬಳೇ ಏಳುತ್ತಿದ್ದಳು.

ಒಂದು ಚಳಿಗಾಲದಲ್ಲಿ ಅಕ್ಕನಿಗೆ ಲಕ್ವ ಹೊಡೆಯಿತು. ಎಡಭಾಗ. ಪುಣ್ಯಕ್ಕೆ ಮಾತು ಉಳಿಯಿತು. ಕೋಲೂರಿ ಜಗಲಿಯವರೆಗೆ ಬರುವಷ್ಟು ಕಾಲೂ ಚೇತರಿಸಿತು. ಎಡಗೈ ಮಾತ್ರ ಸ್ವಾಧೀನಕ್ಕೆ ಬರಲಿಲ್ಲ, ಎತ್ತಿದರೆ ನಡುಗುತ್ತಿತ್ತು. ಸಂಸೆಗೆ ಕೊಟ್ಟಿದ್ದ ಮಗಳು ಬಂದು, ಇದ್ದಷ್ಟು ದಿನ ತಾಯಿಯ ಮಣಿಕಟ್ಟು ಹಿಡಿದು ಪೂಜೆ ಮಾಡಿಸಿದಳು. ಅವಳು ಹಿಂದಿರುಗಿದ ಮರುದಿನ ಅಕ್ಕ ತಾನೊಬ್ಬಳೇ ಕುಳಿತಳು. ಲಿಂಗ ಅಂಗೈಯಿಂದ ಜಾರಿ ನೆಲಕ್ಕೆ ಬಿತ್ತು.

ನಮ್ಮವರಿಗೆ ಅದು ಪ್ರಾಣವೇ ಕೈಜಾರಿದಂತೆ. ಅಂದು ಅಕ್ಕ ನೀರು ಮುಟ್ಟಲಿಲ್ಲ. ಆಮೇಲೆ ಪೂಜೆಗೆ ಕೂರುವ ಧೈರ್ಯವೇ ಅವಳಿಗೆ ಬರಲಿಲ್ಲ. ಪೂಜೆಯಿಲ್ಲದ ಅನ್ನ ಗಂಟಲಲ್ಲಿ ಇಳಿಯಲೂ ಇಲ್ಲ. ರೋಗಿಗೆ ನಿಯಮದಲ್ಲಿ ವಿನಾಯಿತಿ ಇದೆಯೆಂದು ನಾನೇ ಹೋಗಿ ಸಮಾಧಾನ ಹೇಳಿದೆ. ತಲೆಯಾಡಿಸಿ, ಎರಡು ಚಮಚ ಗಂಜಿ ಕುಡಿದು, ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. ತಿಂಗಳಾಗುವಷ್ಟರಲ್ಲಿ ಕೈಬಳೆ ಮೊಣಕೈವರೆಗೆ ಜಾರುವಷ್ಟು ಕೃಶಳಾದಳು. ಗಂಡನಲ್ಲಿ ಅವಳು ಕೇಳಿದ್ದು ಒಂದೇ. "ನಿಮ್ಮ ಲಿಂಗ ಕೊರಳಿಗೆ ಹಾಕ್ಕೊಂಡು ಬಂದು ಪಕ್ಕದಲ್ಲಿ ಕೂತ್ಕೊಳ್ಳಿ. ನನ್ನ ಕೈ ಕೆಳಗೆ ನಿಮ್ಮ ಕೈ ಇರಲಿ."

ಆ ಭಾನುವಾರ ಭಾವ ಬಸ್ಸು ಹತ್ತಿ ನಮ್ಮ ಮನೆಗೆ ಬಂದರು. ಚಪ್ಪಲಿ ಬಿಡುತ್ತಿರುವಾಗಲೇ ಕೇಳಿದರು.

"ನಂಬೋದು ಹೆಂಗೆ ಅಂತ ಹೇಳಿಕೊಡು ಮಾರಾಯ. ಇಷ್ಟೊಂದು ಓದಿದೀಯ."

"ತಮಾಷೆ ಬೇಡ ಭಾವ" ಎಂದೆ.

"ತಮಾಷೆ ಮಾಡೋಕೆ ಬಸ್ಸಲ್ಲಿ ನಿಂತ್ಕೊಂಡು ಬರ್ತೀನೇನೋ? ಹಿಂಗೇ ಬಿಟ್ರೆ ಅವಳು ಉಳಿಯಲ್ಲ. ಸುಳ್ಳು ಕೈ ಕೊಟ್ರೆ ಅವಳಿಗೆ ಗೊತ್ತಾಗಿಬಿಡುತ್ತೆ. ನಿಜವಾದ್ದೇ ಬೇಕು. ಎಷ್ಟು ದಿನ ಹಿಡಿಯುತ್ತೆ ಹೇಳು."

ಎಷ್ಟು ದಿನ ಹಿಡಿಯುತ್ತದೆ! ಆ ಪ್ರಶ್ನೆಗೆ ಈಗ ನಗು ಬರುತ್ತದೆ, ಕಣ್ಣೂ ಒದ್ದೆಯಾಗುತ್ತದೆ. ಆಗ ನನಗೆ ನಗುವೂ ಬರಲಿಲ್ಲ, ಅನುಮಾನವೂ ಹುಟ್ಟಲಿಲ್ಲ. ಒಂದು ವಾರ ಸಾಕು ಎಂದುಬಿಟ್ಟೆ.

ಐದು ಸಂಜೆ ಪಾಠ ನಡೆಯಿತು. ತೋಟದ ಕೆಲಸ ಮುಗಿಸಿ ಬಂದು, ರಾತ್ರಿಯ ಊಟಕ್ಕೆ ಮುನ್ನ ಜೀಪು ಹಿಡಿದು ಹಿಂದಿರುಗುತ್ತಿದ್ದರು. ಮಡಕೆಯನ್ನು ಕಂಡು ಕುಂಬಾರನನ್ನು ಊಹಿಸುವ ನ್ಯಾಯದಿಂದ ಆರಂಭಿಸಿ, ಜಗತ್ತಿಗೊಬ್ಬ ಕರ್ತನಿರಲೇಬೇಕೆಂಬುದನ್ನು ನಾನು ಮೆಟ್ಟಿಲು ಮೆಟ್ಟಿಲಾಗಿ ಸಾಧಿಸಿದೆ. ಪೂರ್ವಪಕ್ಷಗಳನ್ನು ನಾನೇ ಎತ್ತಿ ನಾನೇ ಖಂಡಿಸಿದೆ. ನನಗಿಂತ ಹನ್ನೆರಡು ವರ್ಷ ಹಿರಿಯರಾದ ಅವರು ಚಾಪೆಯ ಮೇಲೆ ವಿದ್ಯಾರ್ಥಿಯಂತೆ ಕುಳಿತು ಎಲ್ಲವನ್ನೂ ಗುಂಡಗಿನ ಅಕ್ಷರದಲ್ಲಿ ಬರೆದುಕೊಂಡರು. ಐದನೆಯ ಸಂಜೆ ಪೆನ್ನಿನ ಮುಚ್ಚಳ ಹಾಕಿ ಹೇಳಿದರು: "ಎಲ್ಲ ಅರ್ಥ ಆಯ್ತು. ಎಲ್ಲೂ ತಪ್ಪು ಹಿಡಿಯೋಕೆ ನನ್ನ ಕೈಲಿ ಆಗಲ್ಲ. ಆದ್ರೂ ಒಳಗೆ ಏನೂ ಬೀಳಲಿಲ್ಲ ಪಂಡಿತ."

ನನ್ನ ತಾಳ್ಮೆ ತಪ್ಪಿತು. "ಮನಸ್ಸು ಮಾಡಿದ್ರೆ ಆಗುತ್ತೆ ಭಾವ. ನೀವು ಮನಸ್ಸು ಮಾಡ್ತಿಲ್ಲ, ಅಷ್ಟೇ" ಎಂದೆ. ಹೆಂಡತಿಗಾಗಿ ಅಷ್ಟು ದೂರ ಬಂದು ಹೋಗುತ್ತಿದ್ದ ಮನುಷ್ಯನಿಗೆ ಆಡುವ ಮಾತಲ್ಲ ಅದು. ಅವರು ನೊಂದುಕೊಂಡಂತೆ ಕಾಣಲಿಲ್ಲ. "ನಾಳೆ ಬೆಳಗ್ಗೆ ತೋಟಕ್ಕೆ ಬಾ" ಎಂದಷ್ಟೇ ಹೇಳಿ ಎದ್ದರು.

ಹೋದೆ. ಮಾರ್ಚಿನ ಬಿಸಿಲು ಎಂಟು ಗಂಟೆಗೇ ಚುರುಕಾಗಿತ್ತು. ರೈಟರ್ ಮನೆಯ ಎದುರಿನ ಬಯಲಲ್ಲಿ, ಬೇಲಿ ಹಾಕಿದ ಚೌಕದೊಳಗೆ ಮಾಪಕವಿತ್ತು. ಜಗಲಿಯ ಕುರ್ಚಿಯಲ್ಲಿ ಅಕ್ಕ ಶಾಲು ಹೊದ್ದು ಕುಳಿತಿದ್ದಳು. ಭಾವ ಆಲಿಕೆ ತೆಗೆದು, ಒಳಗಿನ ಸೀಸೆಯನ್ನು ಎತ್ತಿ, ಗಾಜಿನ ಕೊಳವೆಯೊಳಕ್ಕೆ ಬಗ್ಗಿಸಿದರು. ಕೊಳವೆಯನ್ನು ನನ್ನ ಕೈಗೆ ಕೊಟ್ಟು, ಒಂದು ಕಣ್ಣು ಮುಚ್ಚಿ ನೋಡಲು ಹೇಳಿದರು.

"ಎಷ್ಟಿದೆ?"

"ಏನೂ ಇಲ್ಲ."

"ಮನಸ್ಸು ಮಾಡಿ ಹತ್ತು ಸೆಂಟು ನೋಡು."

ತರ್ಕ ಓದಿದವನು, ಆ ಬಿಸಿಲಿನಲ್ಲಿ, ಖಾಲಿ ಗಾಜನ್ನು ಹಿಡಿದು ನಿಂತಿದ್ದೆ. ಆಗ ಜಗಲಿಯಿಂದ ಅಕ್ಕನ ದನಿ ಕೇಳಿಸಿತು. ನಮ್ಮ ಮಾತೆಲ್ಲ ಅವಳಿಗೆ ಕೇಳಿತ್ತು.

"ಅಲ್ಲಾರೀ, ನವೆಂಬರಿಂದ ಒಂದು ಹನಿ ಬಿದ್ದಿಲ್ಲ. ಇವತ್ತೂ ಇರಲ್ಲ ಅಂತ ಗೊತ್ತು. ಆದ್ರೂ ಎಂಟು ಗಂಟೆಗೆ ಯಾಕೆ ಹೋದ್ರಿ?"

"ಹೋಗದೇ ಹೆಂಗೆ? ಬಿದ್ದ ದಿನ ಅಳೀಬೇಕಲ್ಲ."

"ನಾನು ಕೇಳಿದ್ದೂ ಅಷ್ಟೇ. ಮಳೆ ತನ್ನಿ ಅಂದ್ನಾ ನಾನು? ದಿನಾ ಬಂದು ನೋಡಿ ಅಂದೆ."

ಭಾವ ಸೀಸೆಯನ್ನು ಮಾಪಕದೊಳಗಿಟ್ಟು, ಅದರ ಮೇಲೆ ಆಲಿಕೆಯನ್ನು ಮತ್ತೆ ಕೂರಿಸಿದರು. "ನಿಲ್ ಇದ್ರೆ ನಿಲ್ ಅಂತಲೇ ಹೇಳ್ತೀನಿ. ಆಮೇಲೆ ಅತ್ತು ಕರೆದು ಮಾಡೋ ಹಾಗಿಲ್ಲ" ಎಂದರು.

"ಸುಳ್ಳು ಹೇಳಿದ್ರೆ ಅಳ್ತೀನಿ. ನಿಲ್‌ಗೆ ಯಾಕೆ ಅಳಲಿ? ಮೂವತ್ತು ವರ್ಷದಿಂದ ನೋಡ್ತಿದೀನಿ ನಿಮ್ಮ ನಿಲ್ಲು" ಎಂದಳು ಅಕ್ಕ. ಲಕ್ವದ ಅನಂತರ ಅವಳ ನಗು ಒಂದೇ ಕಡೆಗೆ ಎಳೆಯುತ್ತಿತ್ತು, ಅಂದು ಹಾಗೆಯೇ ನಕ್ಕಳು.

ಮುಂದಿನ ಸೋಮವಾರ ಭಾವ ಮಿಂದು ಬಂದು, ಗೂಡಿನಿಂದ ಕರಡಿಗೆಯನ್ನು ಇಳಿಸಿ, ಹಳೆಯ ದಾರ ತೆಗೆದು ಹೊಸ ಶಿವದಾರ ಕಟ್ಟಿ, ಕೊರಳಿಗೆ ಹಾಕಿಕೊಂಡರು. ನಾನೂ ಇದ್ದೆ. ಅಕ್ಕನ ನಡುಗುವ ಅಂಗೈಯ ಕೆಳಗೆ ತಮ್ಮ ಅಗಲವಾದ ಅಂಗೈಯನ್ನಿಟ್ಟರು. ನಡುಕ ಒಮ್ಮೆಲೇ ನಿಲ್ಲಲಿಲ್ಲ. ಎರಡು ಕೈಯೂ ಕೊಂಚ ಹೊತ್ತು ಕೂಡಿಯೇ ನಡುಗಿದವು. ಆಮೇಲೆ ನೆಲೆಗೊಂಡವು. ಅಕ್ಕ ಬಲಗೈಯಿಂದ ನೀರೆರೆದು, ವಿಭೂತಿ ಧರಿಸಿ, ಒಂದು ಬಿಲ್ವಪತ್ರೆ ಏರಿಸಿದಳು. ಒಬ್ಬರ ಕರಪೀಠದ ಕೆಳಗೆ ಇನ್ನೊಬ್ಬರ ಕೈ ಇರಬಹುದೇ ಎಂದು ಆ ವಾರವೆಲ್ಲ ಗ್ರಂಥಗಳನ್ನು ಹುಡುಕಿದ್ದೆ. ಅವು ಆ ವಿಷಯದಲ್ಲಿ ಮೌನವಾಗಿದ್ದವು.

ಪೂಜೆ ಮುಗಿದ ಮೇಲೆ ಅಕ್ಕ ಕೇಳಿದಳು, "ಎಷ್ಟು?"

"ನಿಲ್" ಎಂದರು ಭಾವ.

ಅಂದು ಅಕ್ಕ ಒಂದು ಬಟ್ಟಲು ಗಂಜಿಯನ್ನು ಪೂರ್ತಿ ಕುಡಿದಳು.

ಅಂದಿನಿಂದ ಅದೇ ರೂಢಿಯಾಯಿತು. ಆರೂವರೆಗೆ ಪೂಜೆ, ಪೂಜೆಯಾದ ಮೇಲೆ ಆ ಪ್ರಶ್ನೆ, ಅದೇ ಉತ್ತರ. ಅಕ್ಕನ ಮೈ ತುಂಬಿಕೊಂಡಿತು. ಕೆಲವರು ಭಾವನನ್ನು ಕಿಚಾಯಿಸಿದರು. ಎಸ್ಟೇಟಿನ ಮೇಸ್ತ್ರಿ ಒಮ್ಮೆ, "ಏನ್ ರೈಟ್ರೇ, ವಯಸ್ಸಾದ ಮೇಲೆ ಭಯ ಶುರುವಾಯ್ತಾ?" ಎಂದು ಕೇಳಿದಾಗ, "ಹೌದು ಮಾರಾಯ, ಹೆಂಡ್ತಿದು" ಎಂದರಂತೆ. ನನಗೋ ಬೇರೆಯೇ ಚಿಂತೆ. ನಂಬಿಕೆಯಿಲ್ಲದೆ ಮಾಡುವ ಪೂಜೆ ಆಡಂಬರವಾಗದೇ? ಆದರೆ ಆಡಂಬರದ ಮನುಷ್ಯ ತನ್ನ ಒಳಗು ಖಾಲಿಯೆಂದು ದಿನವೂ ಬಾಯಿಬಿಟ್ಟು ಹೇಳುತ್ತಾನೆಯೇ? ಶ್ರದ್ಧೆಯೆಂಬುದು ಶಿವನ ಕೃಪೆಯಿಂದ ಬರುವುದೆಂದು ನಾನು ಎಷ್ಟೋ ಕಡೆ ಓದಿದ್ದೆ, ಎಷ್ಟೋ ಮಕ್ಕಳಿಗೆ ಪಾಠ ಹೇಳಿದ್ದೆ. ಬರುವುದು ನಮ್ಮ ವಶದಲ್ಲಿಲ್ಲ, ಬಂದಾಗ ಅಲ್ಲಿರುವುದಷ್ಟೇ ನಮ್ಮ ವಶದಲ್ಲಿದೆ ಎಂಬುದು ಮಾತ್ರ ಆ ರೈಟರ್ ಮನೆಯಲ್ಲಿ ನನಗೆ ತಿಳಿಯಿತು.

ಎರಡನೆಯ ವರ್ಷವೋ ಮೂರನೆಯದೋ... ಶ್ರಾವಣದ ಒಂದು ಬೆಳಗ್ಗೆ ನಾನು ಅಲ್ಲಿದ್ದೆ. ಪೂಜೆ ಮುಗಿಯಿತು. ಅಕ್ಕ ಎಂದಿನಂತೆ, ಸೆರಗು ಸರಿಪಡಿಸಿಕೊಳ್ಳುತ್ತ, "ಎಷ್ಟು?" ಎಂದಳು. ಭಾವ ಕೈಯನ್ನು ಹಿಂದಕ್ಕೆಳೆದುಕೊಂಡಿರಲಿಲ್ಲ. ಅಂಗೈಯನ್ನೇ ನೋಡುತ್ತಿದ್ದರು. ಅಕ್ಕ ಮತ್ತೊಮ್ಮೆ ಕೇಳಲಿಲ್ಲ.

ಕೊನೆಗೆ, "ತಳ ಒದ್ದೆ ಆಗಿದೆ ಕಣೇ" ಎಂದರು. "ಅಳೆಯೋಷ್ಟಿಲ್ಲ."

ಅಕ್ಕ ನನ್ನ ಕಡೆ ನೋಡಲಿಲ್ಲ, ಗೆದ್ದವಳಂತೆ ನಗಲಿಲ್ಲ. "ಇದ್ದಷ್ಟು ಹೇಳಿ, ಸಾಕು" ಎಂದು, ಕೋಲು ತೆಗೆದುಕೊಂಡು ಅಡುಗೆಮನೆಯತ್ತ ಮೆಲ್ಲನೆ ನಡೆದಳು. ನಾನು ಬಯಲಿಗೆ ಹೋಗಿ ನಿಂತೆ. ಅಳುವುದನ್ನು ಅವರಿಬ್ಬರ ಎದುರು ಮಾಡುವಂತಿರಲಿಲ್ಲ.

ಅಕ್ಕ ಇನ್ನೂ ನಾಲ್ಕು ವರ್ಷ ಬದುಕಿದ್ದಳು. ತೀರಿಕೊಂಡ ಬೆಳಗ್ಗೆಯೂ ಅವರಿಬ್ಬರ ಪೂಜೆ ನಡೆದಿತ್ತು. ಆಮೇಲೆ ಭಾವ ಒಬ್ಬರೇ ಕೂರುತ್ತಿದ್ದರು. ಕೆಲಸದಿಂದ ನಿವೃತ್ತರಾಗಿ ಸಂಸೆಯಲ್ಲಿ ಮಗಳ ಮನೆ ಸೇರಿದ ಮೇಲೂ ಬಿಡಲಿಲ್ಲ. ಅಲ್ಲಿಗೆ ಹೋಗಿದ್ದಾಗ ಒಮ್ಮೆ, ಸಲುಗೆಯಿಂದ, "ಈಗ ಎಷ್ಟು ಭಾವ?" ಎಂದು ಕೇಳಿದ್ದೆ. "ಅದು ಅವಳು ಕೇಳೋದು. ನಿಂಗ್ಯಾಕೆ?" ಎಂದು ಗದರಿ, ಮಗಳನ್ನು ಕೂಗಿ ನನಗೆ ಕಾಫಿ ತರಿಸಿದರು. ಅವರಿಂದ ನನಗೆ ಸಿಕ್ಕ ಉತ್ತರ ಅಷ್ಟೇ. ಅವರೂ ಹೋಗಿ ಈಗ ಬಹಳ ಕಾಲವಾಯಿತು.

ಪರಿಚಯದವರ ಮಕ್ಕಳು ಆಗಾಗ ಬಂದು, "ನಂಬಬೇಕು ಅಂತ ಆಸೆ ಇದೆ ಮೇಷ್ಟ್ರೇ, ಆಗ್ತಿಲ್ಲ" ಎನ್ನುತ್ತಾರೆ. ಈಗ ನಾನು ಮಡಕೆ ಕುಂಬಾರರ ವಿಷಯ ಎತ್ತುವುದಿಲ್ಲ. ಬೆಳಗ್ಗೆ ಆರೂವರೆಗೆ ಬಂದು ಕುಳಿತುಕೊಳ್ಳಿ ಎನ್ನುತ್ತೇನೆ. ಕೆಲವರು ಬರುತ್ತಾರೆ. ಒಂದಿಬ್ಬರು ಬರುತ್ತಲೇ ಇದ್ದಾರೆ.

ಅವರಿಗೆ ಹೇಳದ ಮಾತೊಂದಿದೆ. ಎಂಟನೆಯ ವಯಸ್ಸಿನಿಂದ ಒಂದು ದಿನವೂ ಪೂಜೆ ತಪ್ಪಿಸದ ನಾನು, ನನ್ನೊಳಗೆ ಎಷ್ಟಿದೆಯೆಂದು ಒಮ್ಮೆಯೂ ಕೇಳಿಕೊಂಡವನಲ್ಲ. ತುಂಬಿಯೇ ಇದೆ ಎಂದು ತಿಳಿದಿದ್ದೆ. ಭಾವ ಹೋದ ಮೇಲೆ ಕೇಳಿಕೊಳ್ಳಲು ಆರಂಭಿಸಿದೆ. ಎಷ್ಟೋ ಬೆಳಗುಗಳು ಪೂರಾ ಒಣ. ಮೊದಮೊದಲು ಭಯವಾಗುತ್ತಿತ್ತು, ಈಗ ಇಲ್ಲ. ಮರುದಿನ ಮತ್ತೆ ಕೂರುತ್ತೇನೆ.

ಇಂದು ಬೆಳಗ್ಗೆ ಪೂಜೆ ಮುಗಿಸಿ ಕಣ್ಣು ತೆರೆದಾಗ ಆ ಇಬ್ಬರೂ ಬಹಳ ನೆನಪಾದರು. ಹೇಳಿಕೊಳ್ಳಲು ಅವರಿಲ್ಲ... ಇಂದು ತಳ ಒಣಗಿರಲಿಲ್ಲ, ಹೇಳಬೇಕಾದದ್ದು ಇತ್ತು.