ಕೋರ್ಟು ಅಳಿಸಿದ್ದನ್ನು ನಾನು ಬರೆದೆ

ಆ ಹುಡುಗನ ಕೈ ಮುರಿದದ್ದು ನನ್ನಿಂದ. ಮುರಿದವರು ಬೇರೆ — ಆದ್ರೆ ಅವರನ್ನು ಕರೆಸಿದ್ದು ನನ್ನ ಪೋಸ್ಟ್. ಆಮೇಲೆ ಮೂರು ವರ್ಷ ಅವನಿಗೆ ಸುಳ್ಳು ಹೇಳಿದ್ದೂ ನಾನೇ.

ವಡೋದರಾದ ಮಂಜಲ್‌ಪುರದಲ್ಲಿ ನನ್ನ ಹೋಟೆಲ್ ಉಂಟಲ್ಲ, ಅಲ್ಲಿಗೆ ದಿನಾ ಬೆಳಿಗ್ಗೆ ತಿಂಡಿಗೆ ಬರ್ತಿದ್ದ. ನಮ್ಮ ಕಡೆಯವರ ಮಗ, ಇಲ್ಲೇ ಹುಟ್ಟಿದವ, ಕನ್ನಡ ಅರೆಬರೆ. ಹದಿನಾರನೇ ವಯಸ್ಸಿಗೆ ಅವನ ಮೇಲೊಂದು ಕೇಸ್ ಆಗಿತ್ತು. ಎಂತ ಕೇಸ್ ಅಂತ ಈ ಸಲ ಬರೆಯುದಿಲ್ಲ. ಒಂದು ಸಲ ಬರೆದದ್ದೇ ಸಾಕು.

ಒಂದಿನ ಪೇಡೆ ಡಬ್ಬಿ ಹಿಡ್ಕೊಂಡು ಬಂದ. "ಅಂಕಲ್, ಫೈಲ್ ಖತಂ! ಮಕ್ಕಳ ಕೋರ್ಟಿನ ರೆಕಾರ್ಡ್ ಎಲ್ಲ ನಾಶ ಅಂತೆ, ವಕೀಲರು ಹೇಳಿದ್ರು. ಈಗ ಯಾರು ಚೆಕ್ ಮಾಡಿದ್ರೂ ನಾನು ಕ್ಲೀನ್."

ನಾನು ಪೇಡೆ ತಿಂದೆ. ಮಧ್ಯಾಹ್ನ ಗಿರಾಕಿ ಕಡಿಮೆಯಾದ ಮೇಲೆ ಅದನ್ನೇ ಕನ್ನಡದಲ್ಲಿ ಕತೆ ಮಾಡಿ ಪೋಸ್ಟ್ ಮಾಡಿದೆ. ಹೆಸರು ಬದಲಾಯಿಸಿದ್ದೆ. ಆದ್ರೆ ಕೇಸ್ ಬರೆದೆ, ಅವ ದಿನಾ ಕೂರುವ ಮೂಲೆ ಟೇಬಲ್ ಬರೆದೆ... ಲೈಕ್ ಅಂದ್ರೆ ಲೈಕ್ ಮಾರಾಯ್ರೆ.

ಗುಜರಾತಲ್ಲಿ ನಮಗೆಲ್ಲ ಒಂದು ಚಟ ಉಂಟು — ಲಿಫ್ಟಿನಲ್ಲಿ ಪಕ್ಕ ನಿಂತವನನ್ನೇ ಕನ್ನಡದಲ್ಲಿ ಬೈಯುದು. ಯಾರಿಗೆ ಅರ್ಥ ಆಗ್ತದೆ ಅಂತ. ಕನ್ನಡ ಅಂದ್ರೆ ಬಾಗಿಲು ಹಾಕಿದ ಕೋಣೆ ಅಂದ್ಕೊಂಡಿದ್ದೆ. ಫೋನಿನಲ್ಲಿ ಅನುವಾದದ ಬಟನ್ ಉಂಟು ಅನ್ನುದು ತಲೆಗೇ ಹೋಗ್ಲಿಲ್ಲ.

ಅದೇ ವಾರ ಮೂರು ಜನ ಬಂದ್ರು, ಹಳೇ ಕೇಸಿನ ಎದುರು ಪಾರ್ಟಿಯವರು, ಅವನನ್ನು ಹುಡುಕ್ತಾ ಇದ್ದವರು. ಒಬ್ಬ ನನ್ನ ಮುಖಕ್ಕೆ ಫೋನ್ ಹಿಡಿದ — ನನ್ನದೇ ಪೋಸ್ಟ್, ಗುಜರಾತಿಯಲ್ಲಿ. ನಾನು ಬಾಯಿ ಬಿಡುವ ಮೊದಲೇ ಮೂಲೆ ಟೇಬಲಿಗೆ ಹೋದ್ರು. ಕಬ್ಬಿಣದ ಪೈಪು. ಮೊದಲ ಏಟಿಗೆ ಸಾಂಬಾರ್ ಬಟ್ಟಲು ಹಾರಿತು. ಅವ ಕೈ ಅಡ್ಡ ಹಿಡಿದ — ಮೂಳೆ ಮುರಿದ ಸದ್ದು ಗಲ್ಲಾದವರೆಗೆ ಕೇಳಿತು. ಬಿದ್ದವನ ಬಾಯಿಗೆ ಬೂಟುಕಾಲಲ್ಲಿ ಒದ್ದರು. ನೆಲದಲ್ಲಿ ರಕ್ತ ಯಾವುದು, ಸಾಂಬಾರ್ ಯಾವುದು ಅಂತ...

ನಾನು ಗಲ್ಲಾದ ಹಿಂದೆ ಕೂತು ಪೋಸ್ಟ್ ಡಿಲೀಟ್ ಮಾಡ್ತಿದ್ದೆ. ಹೌದು. ಬಿಡಿಸ್ಲಿಕ್ಕೆ ಹೋಗ್ಲಿಲ್ಲ. ಡಿಲೀಟ್ ಮಾಡ್ತಿದ್ದೆ.

ಆಸ್ಪತ್ರೆಯಲ್ಲಿ ಕೇಳಿದ, "ಅಂಕಲ್, ನಾನು ಎಲ್ಲಿ ಸಿಗ್ತೇನೆ ಅಂತ ಅವ್ರಿಗೆ ಹೇಗೆ ಗೊತ್ತಾಯ್ತು?"

"ಕೋರ್ಟಿನ ಫೈಲಿಂದಲೇ ಲೀಕ್ ಆಗಿರ್ಬೇಕು ಮಗಾ. ಈ ಫೈಲೆಲ್ಲ ಎಲ್ಲಿ ನಾಶ ಮಾಡ್ತಾರೆ?"

ನಂಬಿದ. ಪೊಲೀಸರಿಗೂ ನಾನು ಪೋಸ್ಟಿನ ವಿಷಯ ಎತ್ತಲಿಲ್ಲ. ಅವ ಊರು ಬಿಟ್ಟ — ಯಾವೂರಿಗೆ ಅಂತ ಹೇಳುದಿಲ್ಲ. ಒಳ್ಳೇ ಫಿಟ್ಟರ್. ಆದ್ರೆ ಪೊಲೀಸ್ ವೆರಿಫಿಕೇಶನ್ ಕೇಳುವ ಕಂಪನಿಗೆ ಅರ್ಜಿಯೇ ಹಾಕುದಿಲ್ಲ. ಫೋನ್ ಮಾಡಿದಾಗೆಲ್ಲ ಅದೇ — "ಫೈಲ್ ಇದೆಯಲ್ಲ ಅಂಕಲ್, ಸಿಕ್ಕಿಬೀಳ್ತೇನೆ." ನೆಟ್ಟಗಾಗದ ಆ ಕೈಯಲ್ಲಿ ಮೂಟೆ ಹೊರ್ತಾನೆ. ನಾನು "ಹೌದು ಮಗಾ" ಅಂತಿದ್ದೆ. ಪೈಪಿನ ಏಟಿಗಿಂತ ಈ "ಹೌದು"...

ಮೊನ್ನೆ ಅವನ ವಕೀಲರ ಹತ್ರ ಫೈಲ್ ನಾಶ ಆದದ್ದು ಹೌದಾ ಅಂತ ಕೇಳಿಕೊಂಡು, ಅವನಿದ್ದಲ್ಲಿಗೆ ಹೋದೆ. ಎಲ್ಲಾ ಹೇಳಿದೆ. ಹೊಡೀತಾನೆ ಅಂತ ಕಾದೆ.

"ಅಂದ್ರೆ ಫೈಲ್ ನಿಜವಾಗಿ ಇಲ್ವಾ?"

"ಇಲ್ಲ."

"ಇಷ್ಟು ದಿನಾನೂ ಇರ್ಲಿಲ್ವಾ?"

"ಇರ್ಲಿಲ್ಲ ಮಗಾ."

ಮೊದಲು ಮುಖ ಅರಳಿತು. ಆಮೇಲೆ ಕಾಲರ್ ಹಿಡಿದು ಗೋಡೆಗೆ ಒತ್ತಿದ, ಉಸಿರು ಕಟ್ಟುವಷ್ಟು. ಬಿಟ್ಟ.

"ಮಗಾ ಅನ್ಬೇಡಿ. ದೊಡ್ಡ ರೈಟರ್ ಅಲ್ವಾ ನೀವು? ಬರೀರಿ ಹಾಗಾದ್ರೆ. ಅವ್ರಿಗೆ ಹೇಳಿದ್ದು ಯಾರು ಅಂತ ಬರೀರಿ. ಇಲ್ಲಿಗೆ ಬರ್ಬೇಡಿ."

ಹೇಳಿದ್ದು ಕೋರ್ಟಲ್ಲ. ನಾನು.