ಟೀಚರಮ್ಮ ನುಂಗಿದ ಮಾತು

ಮೊನ್ನೆ ಸ್ವೆಟರ್ ಹುಡುಕಲು ಟ್ರಂಕು ತೆರೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಹೊಡೆದದ್ದೇ ತಡ, ಸ್ವೆಟರ್ ತೆಗೆಯದೆ ಮುಚ್ಚಳ ಹಾಕಿಬಿಟ್ಟೆ. ಪಕ್ಕದ ಮನೆಯ ಟೀಚರಮ್ಮ ತಮ್ಮ ಬೈಬಲ್ಲನ್ನು ಸೀರೆಗಳ ನಡುವೆ ಇಡುತ್ತಿದ್ದರು. ಪುಟ ಬಿಡಿಸಿದರೆ ಇದೇ ವಾಸನೆ...

ಕೋಲಾರದ ನಮ್ಮ ಬೀದಿಯಲ್ಲಿ ಅವರದೊಂದೇ ಕ್ರೈಸ್ತರ ಮನೆ. ಶಾಲೆಯಿಂದ ನಿವೃತ್ತರಾಗಿ ಒಬ್ಬರೇ ಇದ್ದರು. ಸಂಜೆ ನಮ್ಮ ಜಗಲಿಯಲ್ಲಿ ಅವರೆಕಾಯಿ ಬಿಡಿಸುತ್ತ ಅತ್ತೆಗೆ ಬೈಬಲ್ಲಿನ ಕಥೆ ಹೇಳುತ್ತಿದ್ದರು. ಲೋಕ ಶುರುವಾದ ಕಾಲದ ಹಿರಿಯರು ಒಂಬೈನೂರು ವರ್ಷ ಬದುಕಿದ್ದರೆಂದು ಕೇಳಿದ ದಿನ ಅತ್ತೆ ಕಾಯಿ ಕೆಳಗಿಟ್ಟು ಕೈಮುಗಿದರು. ನನಗೆ ನಗು ತಡೆಯಲಾಗಲಿಲ್ಲ. ಅತ್ತೆಯೊಬ್ಬಳು ಅಷ್ಟು ವರ್ಷ ಗಟ್ಟಿಯಾಗಿದ್ದರೆ ಸೊಸೆಯ ಗತಿಯೇನು ಟೀಚರಮ್ಮ, ಎಂದೆ.

ನಿಜಕ್ಕೂ ಅಷ್ಟು ವರ್ಷವೇ ಎಂದು ಕೆಣಕಿದರೆ ಅವರಿಗೆ ಸಿಟ್ಟು ಬರುತ್ತಿರಲಿಲ್ಲ. ಆಗಿನವರು ತಿಂಗಳನ್ನೇ ವರ್ಷವೆಂದು ಎಣಿಸಿರಬೇಕು ಎನ್ನುವವರಿದ್ದಾರೆ, ಆದರೆ ಆ ಲೆಕ್ಕ ಹಿಡಿದರೆ ಕೆಲವರು ಐದಾರು ವರ್ಷಕ್ಕೇ ಅಪ್ಪಂದಿರಾಗಿಬಿಡುತ್ತಾರೆ ಎಂದು ನಗುತ್ತಿದ್ದರು. ಒಬ್ಬನ ಹೆಸರಿನಲ್ಲಿ ಇಡೀ ಮನೆತನದ ವರ್ಷಗಳನ್ನು ಸೇರಿಸಿರಬಹುದು ಎಂಬುದು ಇನ್ನೊಂದು ಮಾತು. ಅವರದೇ ಸಮಾಧಾನ ಬೇರೆ ಇತ್ತು. "ಲೋಕ ಆಗಿನ್ನೂ ಹೊಸ್ದು ಕಣೇ. ಜನಕ್ಕೆ ಸಾಯೋದು ರೂಢಿ ಆಗಿರ್ಲಿಲ್ಲ."

ಒಂದು ಮಳೆಗಾಲದ ಕೊನೆಯಲ್ಲಿ, ನರಸಾಪುರದ ಕಂಪನಿಯಿಂದ ಬಂದು ಜ್ವರವೆಂದು ಮಲಗಿದ ನನ್ನ ಗಂಡ ಮರುದಿನ ಮೇಲೇಳಲಿಲ್ಲ. ಡೆಂಗಿ. ಆಸ್ಪತ್ರೆಗೆ ಸೇರಿಸಿದ ಮೇಲೂ ಪ್ಲೇಟ್‌ಲೆಟ್ ಇಳಿಯುತ್ತಲೇ ಹೋಯಿತು, ಒಸಡಿನಲ್ಲಿ ರಕ್ತ ಕಾಣಿಸಿತು. ಬೆಳಿಗ್ಗೆಯೊಳಗೆ ಏರದಿದ್ದರೆ ಬೆಂಗಳೂರಿಗೆ ಕರೆದುಕೊಂಡು ಹೋಗಿ, ಆಮೇಲೆ ದೇವರಿದ್ದಾನೆ ಎಂದರು ಡಾಕ್ಟರು. ಡಾಕ್ಟರ ಬಾಯಲ್ಲಿ ದೇವರ ಹೆಸರು ಬಂದರೆ ಮುಗಿಯಿತು, ಇರುವ ಧೈರ್ಯವೂ ಹೋಗುತ್ತದೆ.

ಸಂಜೆ ಟೀಚರಮ್ಮ ನೋಡಲು ಬಂದರು. ಅತ್ತೆ ಅವರ ಎರಡೂ ಕೈ ಹಿಡಿದುಕೊಂಡರು. "ಆ ಒಂಬೈನೂರು ವರ್ಷದೋರ್ದು ಓದಿ ತಲ್ಲೀ. ನನ್ನ ಮಗನ ತಲೆ ಹತ್ರ ಕೂತ್ಕೊಂಡು ಓದಿ."

ನಮ್ಮಲ್ಲಿ ಆಯಸ್ಸಿಗಾಗಿ ಹೋಮ ಮಾಡಿಸಿ ಮಂತ್ರ ಹೇಳಿಸುತ್ತಾರಲ್ಲ, ಇದೂ ಹಾಗೆಯೇ ಎಂದು ಅತ್ತೆ ತಿಳಿದಿದ್ದರು. ಅಷ್ಟು ಬಾಳಿದವರ ಹೆಸರು ಕಿವಿಗೆ ಬಿದ್ದರೆ ಮಗನಿಗೂ ಆಯಸ್ಸು ಬರುತ್ತದೆ ಎಂದು. ಇದು ಮಂತ್ರವಲ್ಲ ಎನ್ನಲು ಟೀಚರಮ್ಮ ಬಾಯಿ ತೆರೆದರು, ಅತ್ತೆಯ ಮುಖ ನೋಡಿ ಮಂಚದ ಪಕ್ಕದಲ್ಲಿ ಕೂತರು. ಚೀಲದಿಂದ ಪುಸ್ತಕ ತೆಗೆದರು.

ಮೊದಲನೆಯವನಿಗೆ ಮಗ ಹುಟ್ಟಿದ, ಆಮೇಲೂ ನೂರಾರು ವರ್ಷ ಬಾಳಿದ, ಕೊನೆಗೆ ಸತ್ತ. ಎರಡನೆಯವನೂ ಹಾಗೇ ಬಾಳಿದ, ಸತ್ತ. ಮೂರನೆಯವನೂ ಸತ್ತ... ಮಂಚದ ಮೇಲೆ ನನ್ನ ಗಂಡ ಕಣ್ಣು ತೆರೆದರು. "ವದ್ದು ತಲ್ಲೀ, ವದ್ದು!" ಎಂದು ಅತ್ತೆ ಚೀರಿದರು. ಆಂಧ್ರದ ಗಡಿಯ ಬೈರಕೂರಿನ ಕಡೆಯವರು, ಗಾಬರಿಯಾದರೆ ಅಮ್ಮಾ ಎನ್ನುವುದಕ್ಕೂ ಬೇಡ ಎನ್ನುವುದಕ್ಕೂ ತೆಲುಗೇ. "ಸಾಯ್ದೇ ಇರೋನು ಒಬ್ಬನೂ ಇಲ್ವಾ ಅದ್ರಲ್ಲಿ?"

"ಒಬ್ಬನಿದ್ದಾನೆ" ಎಂದರು ಟೀಚರಮ್ಮ.

"ಮತ್ತೆ ಅವನ್ದೇ ಓದಿ!"

ಅವರು ಓದಲಿಲ್ಲ. ನನ್ನನ್ನು ಬಾಗಿಲ ಬಳಿ ಕರೆದು ಕಿವಿಯಲ್ಲಿ ಹೇಳಿದರು. "ಸಾಯ್ಲಿಲ್ಲ ನಿಜ. ದೇವರೇ ಕರ್ಕೊಂಡ್ಬಿಟ್ಟ, ಆಮೇಲೆ ಅವನು ಯಾರಿಗೂ ಕಾಣ್ಲಿಲ್ಲ. ಅವರೆಲ್ಲರೊಳಗೆ ಕಮ್ಮಿ ಆಯಸ್ಸು ಅವನದೇ ಕಣೇ. ಹ್ಯಾಗೆ ಓದ್ಲಿ?" ಅಯ್ಯೋ ದೇವರೇ, ಯಾಕಾದರೂ ಕೇಳಿಸಿಕೊಂಡೆನೋ ಎನ್ನಿಸಿತು.

ಒಳಗೆ ಬಂದು ಮತ್ತೆ ಮೊದಲಿನಿಂದ ಶುರು ಮಾಡಿದರು. ಒಬ್ಬೊಬ್ಬನ ವರ್ಷ ಹೇಳಿ ಮುಗಿಸಿ, ಕೊನೆಯ ಮಾತನ್ನು ನುಂಗಿ, ಮುಂದಿನ ಹೆಸರಿಗೆ ಹೋದರು. ಆ ಒಬ್ಬನನ್ನು ಪೂರ್ತಿಯಾಗಿ ಬಿಟ್ಟರು. ದೇವರ ಮಾತಿನಲ್ಲಿ ಒಂದಕ್ಷರ ಕಡಿಮೆ ಮಾಡಿದರೂ ಪಾಪವೆಂದು ನಂಬಿದ ಹೆಂಗಸು. ಕೇಳುತ್ತ ಕೇಳುತ್ತ ನನ್ನ ಗಂಡ ನಿದ್ದೆಹೋದರು.

ಬೆಳಿಗ್ಗೆ ಪ್ಲೇಟ್‌ಲೆಟ್ ಏರಿತ್ತು. ಅತ್ತೆ ಟೀಚರಮ್ಮನ ಮಂತ್ರದ ಮಹಿಮೆಯನ್ನು ಬೀದಿಗೆಲ್ಲ ಸಾರಿದರು. ಆ ಮಾತು ಬಂದಾಗೆಲ್ಲ ಟೀಚರಮ್ಮ ಮಾತ್ರ ಒಲೆ ಮೇಲೆ ಹಾಲಿದೆ ಎಂದು ಎದ್ದುಹೋಗುತ್ತಿದ್ದರು.

ಹೋದ ವರ್ಷ ಅವರೇ ಹಾಸಿಗೆ ಹಿಡಿದರು. ಕರುಳಿನ ಕ್ಯಾನ್ಸರ್. ಒಂದು ಮಧ್ಯಾಹ್ನ ಗಂಜಿ ಕೊಡಲು ಹೋದಾಗ ಪುಸ್ತಕವನ್ನು ನನ್ನ ಕೈಗಿಟ್ಟರು. "ಅವತ್ತು ನಾನು ಬಿಟ್ಟಿದ್ದನ್ನೂ ಸೇರಿಸಿ ಪೂರ್ತಿ ಓದು."

"ನನ್ನ ಕೈಲಾಗಲ್ಲ ಟೀಚರಮ್ಮ, ಭಯ ಆಗುತ್ತೆ."

"ನನಗೂ ಆಗ್ತಿದೆ ಕಣೇ. ಅದಕ್ಕೇ ಒಬ್ಳೇ ಓದ್ಲಾರೆ."

ಓದಿದೆ. ಪ್ರತಿಯೊಬ್ಬನೂ ಸತ್ತಾಗ ಅವರು ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿಯುತ್ತಿದ್ದರು. ದೇವರು ಕರೆದುಕೊಂಡವನ ಸಾಲು ಬಂದಾಗ ಮಾತ್ರ ಹಿಡಿತ ಸಡಿಲವಾಯಿತು. ಆ ವಾರವೇ ತೀರಿಕೊಂಡರು. ನಾನು ಓದಿದ್ದಕ್ಕೇ ಹೋದರೇನೋ ಎಂಬ ಹುಚ್ಚು ಅಂಜಿಕೆ ಇನ್ನೂ ಹೋಗಿಲ್ಲ... ಇದನ್ನು ಅತ್ತೆಗೆ ಹೇಳಿಲ್ಲ.

ನಿನ್ನೆ ಶಿಫ್ಟ್ ಮುಗಿಸಿ ಬಂದ ಗಂಡ ಯಾಕೋ ಮೈ ಬೆಚ್ಚಗಿದೆ ಎಂದರು. ಹಣೆ ಮುಟ್ಟಿ ನೋಡಿದವಳೇ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದೆ. ಪಕ್ಕದ ಮನೆಯ ಗೇಟಿನ ಚಿಲಕ ತೆಗೆಯುತ್ತಿದ್ದಾಗ ಹೊಸದಾಗಿ ಬಾಡಿಗೆಗೆ ಬಂದಿರುವ ಹುಡುಗಿ ಬಾಗಿಲಿಗೆ ಬಂದು, "ಯಾರು ಬೇಕಿತ್ತು ಆಂಟಿ?" ಎಂದಳು. ಚಿಲಕ ಹಾಕಿ ವಾಪಸು ಬಂದೆ.