ಶೇವಂತೆವ್ವನ ಐದು ಬಣ್ಣದ ಪಟ್ಟಿ

ಹೂವಿನ ಹಿಪ್ಪರಗಿಯ ಹೊರವಲಯದ ಕುರಿದೊಡ್ಡಿಯಲ್ಲಿ ಬೆಳಗಿನ ಆರಕ್ಕೇ ಗದ್ದಲ. ನೂರಾ ನಲವತ್ತು ಕುರಿಗಳು ಹಸಿದು ಒದರುತ್ತಿವೆ. ಬಾಗಿಲಿಗೆ ಅಡ್ಡ ಕೂತ ಶೇವಂತೆವ್ವ ಮಾತ್ರ ಜಪ್ಪಯ್ಯ ಅಂದರೂ ಏಳುತ್ತಿಲ್ಲ. ಶ್ರಾವಣದ ಹುಲ್ಲಿನ ಮೇಲಿನ ಇಬ್ಬನಿ ಆರುವ ತನಕ ಒಂದು ಕುರಿಯೂ ಹೊರಗೆ ಕಾಲಿಡುವಂತಿಲ್ಲ. ಒಳಗಿರುವುದು ಆಕೆಯ ಕುರಿಗಳೂ ಅಲ್ಲ, ಊರಿನ ಹಿರಿಯ ಕುರಿಗಾರ ಅಮೋಘಸಿದ್ಧನವು. ಆತ ದೂರದ ಕಲ್ಲಿನ ಮೇಲೆ ಕಂಬಳಿ ಹೊದ್ದು, ಮುಖ ಗಂಟು ಹಾಕಿಕೊಂಡು ಕೂತಿದ್ದಾನೆ. ಈಕೆ ಕೊಟ್ಟ ಮಾತಿಗೆ ಇಂದು ಇಪ್ಪತ್ತೊಂದನೇ ದಿನ.

ಕಾಯುವ ಹೊತ್ತಿನಲ್ಲೇ ಕೆಲಸ ಸಾಗುತ್ತದೆ. ಒಂದೊಂದೇ ಕುರಿಯನ್ನು ಮೊಣಕಾಲ ನಡುವೆ ಹಿಡಿದು, ಹೆಬ್ಬೆರಳಿನಿಂದ ಕೆಳರೆಪ್ಪೆ ಇಳಿಸಿ ಒಳಗಿನ ಬಣ್ಣ ನೋಡುತ್ತಾಳೆ. ಪಕ್ಕದಲ್ಲಿ ಕಂಬಳಿ ಚೂರಿನ ಮೇಲೆ ಹೊಲಿದ ಐದು ಅರಿವೆ ತುಂಡುಗಳ ಪಟ್ಟಿ: ಕಡುಗೆಂಪಿನಿಂದ ಶುರುವಾಗಿ ಬಿಳಿಚಿಕೊಳ್ಳುತ್ತ ಹೋಗಿ, ಕೊನೆಯದು ಅಪ್ಪಟ ಬಿಳಿ. ಮೊದಲೆರಡು ಬಣ್ಣಕ್ಕೆ ಹೊಂದಿದರೆ ಕುರಿ ಗಟ್ಟಿ. ಕೊನೆಯ ಎರಡಕ್ಕೆ ಹೊಂದಿದರೆ ಮೈಯಲ್ಲಿ ರಕ್ತವಿಲ್ಲ, ಹೊಟ್ಟೆಯಲ್ಲಿ ಯಾರೋ ಕೂತು ಉಣ್ಣುತ್ತಿದ್ದಾರೆ ಎಂದು ಅರ್ಥ. ತಾಸಿಗೆ ಅರವತ್ತು ಕುರಿ ನೋಡುತ್ತಾಳೆ ಈ ಗಟ್ಟಿಗಿತ್ತಿ.

ಉಣ್ಣುವಾತ ದಾರದಷ್ಟು ಸಣ್ಣ ಹುಳು. ಕುರಿಯ ಹೊಟ್ಟೆಯ ಗೋಡೆಗೆ ಬಾಯಿ ಹಚ್ಚಿ ರಕ್ತ ಹೀರುತ್ತದೆ. ಒಂದು ಹೆಣ್ಣು ಹುಳು ದಿನಕ್ಕೆ ಸಾವಿರಾರು ತತ್ತಿ ಇಡುತ್ತದೆ. ತತ್ತಿ ಹಿಕ್ಕೆಯ ಜೊತೆ ನೆಲಕ್ಕೆ ಬಿದ್ದು, ವಾರದಲ್ಲಿ ಮರಿಯಾಗಿ, ಇಬ್ಬನಿಯ ಪಸೆ ಹಿಡಿದು ಹುಲ್ಲಿನ ತುದಿಗೆ ಏರುತ್ತದೆ. ಬೆಳಗ್ಗೆ ಇಬ್ಬನಿ ಆರುವ ಮುನ್ನ ಬಂದ ಕುರಿ ಹುಲ್ಲಿನ ಜೊತೆ ಅದನ್ನೂ ಮೇಯುತ್ತದೆ. ಮೂರು ವಾರ ಕಳೆದರೆ ಒಳಗೆ ಮತ್ತೊಂದು ಸಂಸಾರ ಸಿದ್ಧ. “ಇಂಥಾ ಬೀಗರು ಯಾರ ಮನಿಗೂ ಬರಬಾರ್ದು ನೋಡ್ರಿ,” ಎಂದು ಶೇವಂತೆವ್ವ ನಗುತ್ತಾಳೆ. “ಉಣ್ಣೂದೂ ಬಿಡಂಗಿಲ್ಲ, ಎದ್ದೂ ಹೋಗಂಗಿಲ್ಲ.”

ನಲವತ್ತಾರರ ಈಕೆ ಓದಿದ್ದು ನಾಲ್ಕನೇ ಇಯತ್ತೆ. ಆರು ವರ್ಷದ ಹಿಂದೆ ಪಶುವೈದ್ಯೆ ರಾಜಶ್ರೀ ಊರಿಗೆ ಬಂದು ಕಣ್ಣು ನೋಡುವ ವಿದ್ಯೆ ಕಲಿಸಿ, ಬಣ್ಣದ ಕಾಗದವೊಂದನ್ನು ಕೊಟ್ಟು ಹೋದರು. ಒಂದೇ ಮಳೆಗೆ ಕಾಗದ ಹಾಳಾಯಿತು. ಶೇವಂತೆವ್ವ ಸುಮ್ಮನೆ ಕೂರುವವಳೇ? ತನ್ನ ಹಳೆಯ ಇಳಕಲ್ ಸೀರೆ, ಓಣಿಯವರ ಹರಕು ಕುಪ್ಪಸ ಎಲ್ಲ ಹುಡುಕಿ, ಬಣ್ಣ ಹೊಂದಿಸಿ ಪಟ್ಟಿ ಹೊಲಿದಳು. ಆಮೇಲೆ ಮಾಡಿದ ಎಡವಟ್ಟನ್ನು ಆಕೆಯೇ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ. ಪಟ್ಟಿ ಹೊಲಸಾಯಿತೆಂದು ಸಾಬೂನು ಹಚ್ಚಿ ತಿಕ್ಕಿ ಬಿಸಿಲಿಗೆ ಹಾಕಿದಳು. ಕೆಂಪು ಬಿಳಿಚಿತು. ಬಿಳಿಚಿದ ಕಣ್ಣೂ ಅದಕ್ಕೆ ಸರಿಹೊಂದಿ ಗಟ್ಟಿ ಎಂದೇ ಕಂಡು, ಔಷಧಿ ಸಿಗದೆ ಆಕೆಯ ಹಿಂಡಿನ ಮೂರು ಕುರಿ ಸತ್ತವು. “ಮೂರು ದಿನ ಅನ್ನ ಇಳೀಲಿಲ್ರಿ. ಹುಳದ್ದಲ್ಲ, ನನ್ನ ಮಡಿವಂತಿಕಿದ ತಪ್ಪು.” ಈಗ ಪಟ್ಟಿ ಎಲೆಅಡಿಕೆ ಚೀಲದ ಕತ್ತಲಲ್ಲಿರುತ್ತದೆ. ವರ್ಷಕ್ಕೊಮ್ಮೆ ಹೊಸದು ಹೊಲಿಯುತ್ತಾಳೆ.

ಮನಗೂಳಿಯಿಂದ ನಾಲತವಾಡದವರೆಗೆ, ಅತ್ತ ಸಿಂದಗಿ, ಇಂಡಿಯ ಹಟ್ಟಿಗಳಿಗೂ ಕುರಿಯ ಕಣ್ಣು ನೋಡಲು ಬಸ್ಸು ಹಿಡಿದು ಹೋಗುತ್ತಾಳೆ. ಊರೂರು ಒಪ್ಪಿದರೂ ಅಮೋಘಸಿದ್ಧ ಮಾತ್ರ ಒಪ್ಪಿರಲಿಲ್ಲ. ಮೊದಲ ಮಳೆ ಬಿದ್ದ ಮೇಲೆ ಇಡೀ ಹಿಂಡಿಗೆ ಒಂದೇ ದಿನ ಹುಳುವಿನ ಔಷಧಿ ಕುಡಿಸುವುದು ಅವನ ಪದ್ಧತಿ. “ಹಿಂಡಂದ್ರ ಒಂದ ಮನಿ. ಒಂದಕ್ಕ ಹಾಕಿ ಒಂದಕ್ಕ ಬಿಟ್ರ ಪಂಕ್ತಿಭೇದ ಆಗ್ತೈತಿ,” ಎಂದು ಪಟ್ಟು ಹಿಡಿದಿದ್ದ. ಪಂಕ್ತಿಯಲ್ಲಿ ಎಲ್ಲರಿಗೂ ಬಡಿಸಿ ಬಡಿಸಿ, ಔಷಧಿಗೆ ಸಾಯುವ ಹುಳುಗಳೆಲ್ಲ ಅಳಿದು, ಜಗ್ಗದ ಹುಳುಗಳದ್ದೇ ಸಂತಾನ ಬೆಳೆದು, ಹೋದ ವರ್ಷ ಹದಿನೇಳು ಕುರಿ ಸತ್ತಿದ್ದವು.

“ಒಬ್ಬಂವಗ ಜ್ವರ ಬಂದ್ರ ಮನಿಮಂದಿಗೆಲ್ಲಾ ಗುಳಿಗಿ ನುಂಗಿಸ್ತೀರೇನ್ರಿ ಕಾಕಾ?” ಎಂದಳು ಶೇವಂತೆವ್ವ. ನೂರಾ ನಲವತ್ತರಲ್ಲಿ ಬಿಳಿಚಿದ ಮೂವತ್ನಾಲ್ಕಕ್ಕೆ ಮಾತ್ರ ಔಷಧಿ ಹಾಕಿ, ಉಳಿದದ್ದನ್ನು ಬಿಟ್ಟಳು. ಇಪ್ಪತ್ತೊಂದು ದಿನದಲ್ಲಿ ಬಿಟ್ಟದ್ದರಲ್ಲಿ ಒಂದು ಸತ್ತರೂ ಇನ್ನು ಯಾರ ಹಿಂಡಿಗೂ ಕೈ ಹಚ್ಚುವುದಿಲ್ಲ ಎಂದು ಹತ್ತು ಮಂದಿಯ ಎದುರು ಮಾತು ಕೊಟ್ಟಿದ್ದಳು; ಅದಕ್ಕೇ ಆತ ಒಪ್ಪಿದ್ದು. ಅಂದಿನಿಂದ ದೊಡ್ಡಿಯಲ್ಲಿ ಒಂದು ಕುರಿ ಕೆಮ್ಮಿದರೂ ಓಡಿ ಹೋಗಿ ಅದರ ಕಣ್ಣು ನೋಡುತ್ತಿದ್ದಳಂತೆ.

ಎಂಟೂವರೆಗೆ ಕೊನೆಯ ಕುರಿಯ ಕಣ್ಣು ನೋಡಿ ಮುಗಿಯುತ್ತದೆ. ನೂರಾ ನಲವತ್ತೂ ಜೀವಂತ. ಹೊಸದಾಗಿ ಬಿಳಿಚಿದ್ದು ಒಂಬತ್ತೇ, ಅವಕ್ಕೆ ಇಂದೇ ಔಷಧಿ. ಹುಲ್ಲೂ ಆರಿದೆ. ಬಾಗಿಲು ತೆರೆದದ್ದೇ ತಡ, ಹಿಂಡು ಧೂಳೆಬ್ಬಿಸಿಕೊಂಡು ಓಡುತ್ತದೆ. ಶೇವಂತೆವ್ವನ ಮುಖ ನೋಡಬೇಕು ಆಗ, ಮಗಳ ಮದುವೆ ಮುಗಿಸಿದಷ್ಟು ಹಿಗ್ಗು.

ಆಸೆ ಏನೆಂದು ಕೇಳಿದರೆ, ತಾನು ಓಡಾಡುವ ನಾಲ್ಕೂ ತಾಲ್ಲೂಕಿನ ಹಟ್ಟಿಗೊಂದರಂತೆ ಪಟ್ಟಿ ಹೊಲಿದು ಕೊಡಬೇಕು ಎನ್ನುತ್ತಾಳೆ. ಬಿಳಿ ಅರಿವೆ ಬೇಕಾದಷ್ಟು ಸಿಗುತ್ತದೆ, ಒಳ್ಳೆಯ ಕಡುಗೆಂಪೇ ಸಿಗುವುದಿಲ್ಲ.

ಅಮೋಘಸಿದ್ಧ ಅದನ್ನು ಕೇಳಿಸಿಕೊಂಡು ಕಲ್ಲಿನಿಂದ ಇಳಿದು ಬರುತ್ತಾನೆ. ಪಂಚಮಿಗೆ ಕೊಂಡ ಹೊಸ ಕೆಂಪು ರುಮಾಲನ್ನು ತಲೆಯಿಂದ ಬಿಚ್ಚಿ, ಅದರ ತುದಿಯಿಂದ ಒಂದು ಮೊಳ ಪರ್ರನೆ ಹರಿಯುತ್ತಾನೆ. “ಮೊದಲ್ನೇ ಬಣ್ಣಕ್ಕ ಇದನ್ನ ಹಚ್ಚು, ಶೇವಂತಿ. ಮೊದಲ್ನೇ ಪಟ್ಟಿ ನನಗ ಕೊಡು.”

ಹಟ್ಟಿಯ ಹಿರಿಯ ಬರಿದಲೆಯಲ್ಲಿ ನಿಂತದ್ದನ್ನು ಆಕೆ ಎಂದೂ ಕಂಡವಳಲ್ಲ. ಅರಿವೆಯನ್ನು ಕಣ್ಣಿಗೆ ಒತ್ತಿಕೊಂಡು ಎಲೆಅಡಿಕೆ ಚೀಲಕ್ಕೆ ಸೇರಿಸುತ್ತಾಳೆ.

“ಇದನ್ನ ಮಾತ್ರ ತೊಳಿಯಂಗಿಲ್ಲ ನೋಡ್ರಿ ಕಾಕಾ.”